ಸಾಹೇಬ ದಾರಿ ಬಿಟ್ಟ ಭಾನುವಾರ

ಈಗ ಸುತ್ತಲಿನ ನಾಲ್ಕು ಬೀದಿಗಳಲ್ಲಿ ಯಾರ ಮನೆಯ ಗಂಡು ಟರ್ಕಿ ಕೋಳಿ ಮೈಮೇಲೆ ಎರಗಿದರೂ ಕೋಳಿಯಕ್ಕನಿಗೆ ಹೇಳಿಕಳಿಸುತ್ತಾರೆ. ಆಕೆ ತೋಳು ಮಡಚಿಕೊಂಡು ಹೋಗುತ್ತಾಳೆ, ಹಕ್ಕಿಗಿಂತ ಮೊದಲು ಮನೆಯವರನ್ನು ನೋಡುತ್ತಾಳೆ. "ಇದಕ್ಕೆ ಹೀಗೆ ಮಾಡೋದು ಕಲಿಸಿದ್ದು ಯಾರು?" ಎನ್ನುವುದೇ ಮೊದಲ ಪ್ರಶ್ನೆ. ಆ ಪ್ರಶ್ನೆ ಅವಳಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಅವಳದೇ ಟರ್ಕಿ ಸಾಹೇಬ ಎಳೆದ ಎರಡು ಗೀರುಗಳು ಮೊಣಕಾಲ ಕೆಳಗೆ ಇನ್ನೂ ಇವೆ.

ಸಾಹೇಬ ಹುಟ್ಟಿದ ವಾರ ಮರಿ ಮಾಡುವ ಪೆಟ್ಟಿಗೆಯ ಬಲ್ಬು ಕೈಕೊಟ್ಟಿತ್ತು. ಹದಿನೆಂಟು ಮೊಟ್ಟೆಗಳಲ್ಲಿ ಒಡೆದು ಬಂದದ್ದು ಒಂದೇ ಮರಿ. ಒಂಟಿ ಮರಿ ತಿನ್ನುವುದನ್ನು ಯಾರಿಂದ ಕಲಿಯಬೇಕು? ಆಕೆ ಚಪ್ಪಲಿ ಡಬ್ಬಿಯಲ್ಲಿ ಹಳೆಯ ಟವೆಲು ಹಾಸಿ ಒಲೆಯ ಪಕ್ಕ ಇಟ್ಟಳು, ಬೆರಳ ತುದಿಗೆ ಕಾಳಿನ ಪುಡಿ ಮೆತ್ತಿಕೊಂಡು ತಿನ್ನಿಸಿದಳು. ಪಾತ್ರೆ ತೊಳೆಯುವಾಗ ಅದು ಹೆಗಲ ಮೇಲೆ, ಬಟ್ಟೆ ಒಗೆಯುವಾಗ ಬಕೆಟ್ಟಿನ ಅಂಚಿನ ಮೇಲೆ. ತನ್ನ ಬಳಗವನ್ನೇ ಕಾಣದ ಮರಿ ತಾನೂ ಮನುಷ್ಯನೇ ಎಂದುಕೊಂಡಿತು. ವರ್ಷ ತುಂಬುವಷ್ಟರಲ್ಲಿ ಹನ್ನೆರಡು ಕಿಲೋ ತೂಗುತ್ತ, ಬಾಲ ಬಿಚ್ಚಿ, ರೆಕ್ಕೆಯನ್ನು ನೆಲಕ್ಕೆ ಕೆರೆಯುತ್ತ ಹಿತ್ತಿಲಲ್ಲಿ ತಿರುಗಿತು. ಆ ಗತ್ತು ನೋಡಿ 'ಸಾಹೇಬ' ಎಂದು ಹೆಸರಿಟ್ಟವನು ಗಂಡನೇ. ಮೊದಲು ಅವಳ ಕಾಲು ಗೀರಿದಾಗ ಮನೆಯವರೆಲ್ಲ ನಕ್ಕರು. ಗಂಡನ ತೊಡೆಗೆ ಒದ್ದ ದಿನ ನಗು ನಿಂತಿತು.

"ನೀನೇ ಮುದ್ದು ಮಾಡಿ ತಲೆ ಮೇಲೆ ಕೂರಿಸ್ಕೊಂಡೆ," ಎಂದ ಗಂಡ. "ಭಾನುವಾರ ಮಾಂಸದಂಗಡಿಯವನು ಬರ್ತಾನೆ. ಮುಗೀತು."

"ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ," ಎಂದರು ಅತ್ತೆ. "ಇವಳು ಹೆರದೇನೇ ಮುದ್ದು ಮಾಡಿದ್ಲು!"

ಹಿತ್ತಿಲಿಗೆ ಇದ್ದ ಗಂಡು ಟರ್ಕಿ ಸಾಹೇಬನೊಬ್ಬನೇ. ಆ ವರ್ಷ ಬೇರೆ ಗಂಡು ಹಕ್ಕಿಯನ್ನು ಮಾರುವವರೂ ಇರಲಿಲ್ಲ. ಅವನು ಹೋದರೆ ಒಂಬತ್ತು ಹೆಣ್ಣುಗಳ ಮೊಟ್ಟೆಯಿಂದ ಮರಿ ಬರುವುದಿಲ್ಲ. ಮರಿ ಬರದಿದ್ದರೆ, ಹದಿನಾರು ವರ್ಷ ಎಲ್ಲರ ಎಲ್ಲ ಕೆಲಸ ಮುಗಿಸಿ ಉಳಿದ ಚೂರುಪಾರು ಹೊತ್ತಿನಲ್ಲಿ ಅವಳು ಕಟ್ಟಿದ, ತನ್ನದು ಎನ್ನಬಹುದಾದ ಒಂದೇ ಕಸುಬು ನಿಂತುಹೋಗುತ್ತದೆ.

ಬುಧವಾರ ಕೋಲು ಹಿಡಿದಳು. ಸಾಹೇಬ ಇನ್ನೂ ಎತ್ತರಕ್ಕೆ ಎಗರಿದ. ಗುರುವಾರ ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆ ಉಜ್ಜುತ್ತ ಸುಮ್ಮನೆ ನೋಡಿದಳು. ಅತ್ತೆ ಬಟ್ಟೆ ಹರವಲು ಹೋದರು. ಸಾಹೇಬ ನುಗ್ಗಿದ. ಅತ್ತೆ ಮುಷ್ಟಿಯಲ್ಲಿ ಮೊದಲೇ ಹಿಡಿದಿದ್ದ ಕಾಳನ್ನು ಅವನ ಮುಂದೆ ಎರಚಿ ಓಡಿಬಂದರು. ಅವನು ಗೆದ್ದವನ ಠೀವಿಯಲ್ಲಿ ತಿಂದ. ಅದೇ ಹೊತ್ತಿಗೆ ಹೊರಕೋಣೆಯಿಂದ ಗಂಡನ ಗುಡುಗು: "ಏಯ್, ಊಟ ಎಲ್ಲಿ?" ಅವಳ ಕೈ ತಾನಾಗಿ ತಟ್ಟೆಗೆ ಹೋಯಿತು.

ತಟ್ಟೆ ಹಿಡಿದವಳು ಹಾಗೇ ನಿಂತಳು. ಈ ಮನೆಯಲ್ಲಿ ಜೋರು ಮಾಡಿದವರಿಗೆ ಮೊದಲ ತುತ್ತು. ಸಾಹೇಬ ಬೆಳೆದದ್ದು ಈ ಒಲೆಯ ಪಕ್ಕದಲ್ಲೇ ಅಲ್ಲವೇ?

"ಅತ್ತೆ, ಇನ್ನು ಕಾಳು ಎರಚಬೇಡಿ. ಓಡಲೂಬೇಡಿ."

"ನಿಂತು ಒದೆಸ್ಕೊಳ್ಳಲಾ?"

"ಬಕೆಟ್ ಅಡ್ಡ ಹಿಡಿದು ಅವನ ಕಡೆಗೇ ನಡೀರಿ. ಹಿಂದೆ ಸರಿಬೇಕಾದೋನು ಅವನು, ನಾವಲ್ಲ."

ಸಂಜೆ ಗಂಡನ ದಪ್ಪ ಪ್ಯಾಂಟು ತೊಟ್ಟು ಹಿತ್ತಿಲಿಗೆ ಇಳಿದಳು. ಹೊಡೆಯಲಿಲ್ಲ, ಹೊಡೆದರೆ ಅವನ ಲೆಕ್ಕಕ್ಕೆ ಅವಳೂ ಕಾದಾಟಕ್ಕೆ ಬಂದ ಇನ್ನೊಂದು ಗಂಡು. ಎಗರಿದವನ ರೆಕ್ಕೆಗಳನ್ನು ಮೈಗೊತ್ತಿ ಹಿಡಿದು ನೆಲಕ್ಕೆ ಕೂರಿಸಿದಳು, ಕತ್ತನ್ನು ಮೆಲ್ಲಗೆ ತಗ್ಗಿಸಿ ಅವನ ಏದುಸಿರು ಇಳಿಯಲೆಂದು ಕಾದಳು. ಒಳಗಿನಿಂದ ಟೀಗೆ ಗಂಡನ ಕೂಗು ಬಂತು. ಕೈ ಬಿಡಲಿಲ್ಲ. ಮತ್ತೊಂದು ಕೂಗು ಬಂತು.

"ಕೂಗಿದ್ರೆ ಸಿಗಲ್ಲ," ಎಂದಳು ತಲೆ ಎತ್ತದೆ. "ಒಲೆ ಅಲ್ಲೇ ಇದೆ."

ಆಮೇಲೆ ಒಳಗೆ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆಯುವುದು ಕೇಳಿಸಿತು. ಹದಿನಾರು ವರ್ಷ ಆ ಮನೆಯಲ್ಲಿ ಟೀ ಕುಡಿದವನಿಗೆ ಸಕ್ಕರೆ ಸಿಗಲು ಬಹಳ ಹೊತ್ತು ಹಿಡಿಯಿತು.

ಶುಕ್ರವಾರ ನಾಲ್ಕು ಸಲ ಹಿಡಿದು ಕೂರಿಸಬೇಕಾಯಿತು, ಶನಿವಾರ ಒಂದೇ ಸಲ. ಅತ್ತೆಯೂ ಬಕೆಟ್ ಹಿಡಿದು, ಬಾಯ್ತುಂಬ ಬೈಯುತ್ತ ನೇರ ನಡೆದರು. ಕಾಳು ಬಿದ್ದದ್ದು ಸಾಹೇಬ ದೂರದಲ್ಲಿ ತೆಪ್ಪಗೆ ನಿಂತಾಗ ಮಾತ್ರ.

ಭಾನುವಾರ ಮಾಂಸದಂಗಡಿಯವನು ಗೋಣಿಚೀಲದೊಂದಿಗೆ ಬಂದ. "ಎಲ್ಲಿ ನಿಮ್ಮ ರೌಡಿ?"

ಕೋಳಿಯಕ್ಕ ಹಿತ್ತಿಲಿನ ನಟ್ಟನಡುವೆ ನಡೆದಳು. ಸಾಹೇಬ ಬಾಲ ಬಿಚ್ಚಿ ಎರಡು ಹೆಜ್ಜೆ ಮುಂದೆ ಬಂದ. ಅವಳ ನಡಿಗೆ ನಿಧಾನವಾಗಲಿಲ್ಲ. ಬಾಲ ಮಡಚಿಕೊಂಡಿತು, ಸಾಹೇಬ ಪಕ್ಕಕ್ಕೆ ಸರಿದ. ಅವಳು ಆ ಹನ್ನೆರಡು ಕಿಲೋ ಗತ್ತನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡು ಬಂದು ನಿಂತಳು. ಅಷ್ಟು ನೆಟ್ಟಗೆ ಅವಳು ನಿಂತದ್ದನ್ನು ಆ ಮನೆ ನೋಡಿರಲಿಲ್ಲ.

"ಇವನೇನಾ?" ಮಾಂಸದಂಗಡಿಯವನು ಚೀಲ ಸುತ್ತಿದ. "ನಮ್ಮಕ್ಕನ ಮನೇಲೂ ಒಂದಿದೆ, ಪೋಸ್ಟಿನವನನ್ನೇ ಒಳಗೆ ಬಿಡಲ್ಲ. ಒಂದ್ಸಲ ಬಂದು ನೋಡ್ತೀರಾ?"

"ನನ್ನ ಮೇಲೆ ಬರಲ್ಲ ಅಂತ ಏನು ಗ್ಯಾರಂಟಿ?" ಎಂದ ಗಂಡ.

"ನೀವು ಓಡದಿದ್ರೆ ಗ್ಯಾರಂಟಿ." ಸಾಹೇಬನನ್ನು ಕೆಳಗಿಳಿಸಿ ನೀರಿನ ಬಕೆಟ್ಟನ್ನು ಗಂಡನ ಕೈಗಿತ್ತಳು.

ಅವನು ಬಕೆಟ್ಟನ್ನು ಗುರಾಣಿಯಂತೆ ಹಿಡಿದು ನಡೆದ. ಸಾಹೇಬ ಉಬ್ಬಿದ. ಗಂಡ ತಿರುಗಿ ನೋಡಿದ.

"ಬೆನ್ನು ಕೊಡ್ಬೇಡಿ. ನಡೀರಿ."

ನಡೆದ. ಸಾಹೇಬ ದಾರಿ ಬಿಟ್ಟ. ಗಂಡ ಹಕ್ಕಿಗಳ ತೊಟ್ಟಿಗೆ ನೀರು ಸುರಿದು, ಪ್ಯಾಂಟೆಲ್ಲ ತೋಯಿಸಿಕೊಂಡು, ಮುಖ ಅರಳಿಸಿ ಬಂದ. "ನೋಡಿದ್ಯಾ?"

"ನೋಡಿದೆ," ಎಂದಳು ಕೋಳಿಯಕ್ಕ, ತೋಳಿಗಂಟಿದ ಗರಿ ಕೊಡವುತ್ತ. "ಮೂಲೆಯಲ್ಲಿ ಇನ್ನೂ ಎರಡು ತೊಟ್ಟಿ ಇವೆ."