ಹಗುರ ಕಾರಿಗೆ ಮಾವನ ಒರಳುಕಲ್ಲು

ಸ್ನೇಹಿತರೇ, ಇವತ್ತು ಬೆಳಿಗ್ಗೆ ಅತ್ತೆ ಮಾವನನ್ನು ಕೂರಿಸಿಕೊಂಡು ಸೇಲಂನಿಂದ ಧರ್ಮಪುರಿಗೆ ಹೊರಟರೆ, ನನ್ನ ಹೊಸ ಸಣ್ಣ ಕಾರಿನ ಡಿಕ್ಕಿಯಲ್ಲಿ ಒರಳುಕಲ್ಲು! ಇಟ್ಟವರು ನಮ್ಮ ಮಾವ, ಮೂವತ್ತು ವರ್ಷ ಎತ್ತಿನ ಗಾಡಿ ಹೊಡೆದವರು.

“ಅಂಬಾಸಿಡರ್ ಆಗಿದ್ರೆ ಸರಿ. ಈ ವಂಡಿ ಲಾರಿ ಗಾಳಿಗೇ ತೂರ್ಕೊಂಡು ಓಯ್ತದೆ. ಬಾರ ಇದ್ರೆ ನೆಲ ಇಡ್ಕೊಂಡು ಓಡ್ತದೆ” ಅಂದರು. ಅವರ ಬಾಯಲ್ಲಿ ಕಾರೂ ‘ವಂಡಿ’ಯೇ, ಎತ್ತಿನ ಗಾಡಿಯೂ ‘ವಂಡಿ’ಯೇ.

“ಹಗುರ ಅಂತಲೇ ತಗೊಂಡಿದ್ದು ಮಾವ, ಪೆಟ್ರೋಲ್ ಉಳಿಯುತ್ತೆ” ಅಂದೆ.

“ಪೆಟ್ರೋಲ್ ಉಳೀತದೆ, ನಾವ್ ಉಳೀಬೇಕಲ್ಲಪ್ಪಾ?”

ತೊಪ್ಪೂರು ಘಾಟಿಯ ಅರ್ಧಕ್ಕೆ ಬರುವಷ್ಟರಲ್ಲಿ ಇಂಜಿನ್ ಕುದಿದು ಹೊಗೆ ಎದ್ದಿತು. ಹಿಂದೆ ಲಾರಿಗಳ ಸಾಲು, ಕಿವಿ ಹರಿಯುವ ಹಾರ್ನು. ಕಲ್ಲು ಇಳಿಸೋಣ ಎಂದು ಮಾವನಿಗೆ ಕೈಮುಗಿದೆ.

“ಕಲ್ಲು ಇರ್ಲಿ, ನಾವೇ ಇಳೀತೀವಿ” ಎಂದವರು ಅತ್ತೆಯನ್ನೂ ಇಳಿಸಿಕೊಂಡು ಬಿಸಿಲಲ್ಲಿ ನಡೆದೇಬಿಟ್ಟರು. ಪ್ರತಿ ಲಾರಿಯೂ ಅವರ ಪಂಚೆ ಹಾರಿಸಿಕೊಂಡು ಹೋಗುತ್ತಿತ್ತು. ಇಂಜಿನ್ ತಣಿದ ಮೇಲೆ ನಾನೂ ಕಲ್ಲೂ ಆರಾಮಾಗಿ ಕಾರಿನಲ್ಲಿ ಮೇಲೆ ಬಂದೆವು.

ಏದುಸಿರು ಬಿಡುತ್ತಾ ಬಂದು ಸೇರಿದ ಮಾವ ಡಿಕ್ಕಿ ತಟ್ಟಿ, “ನೋಡ್ದಾ? ವಂಡಿ ಒಂಚೂರೂ ಅಲ್ಲಾಡ್ಲಿಲ್ಲ” ಅಂದರು. ಹೌದು ಅಂದೆ. ವಾದ ಮಾಡಲು ತ್ರಾಣವಿರಲಿಲ್ಲ.

ಸಂಜೆ ಇದೇ ಘಾಟಿ ಇಳಿಯಬೇಕು. ಕಲ್ಲು ಡಿಕ್ಕಿಯಲ್ಲೇ ಇದೆ. ಬ್ರೇಕು ಮಾತ್ರ ಹಗುರ ಕಾರಿನದು.