ಅಣ್ಣನ ಚಹಾ, ನನ್ನ ಚಹಾ

ಅಡುಗೆಮನೆಯಿಂದ ಶುಂಠಿ ಚಹಾದ ವಾಸನೆ ಬಂತೆಂದರೆ ನನಗೆ ಲಿಂಗಸೂಗೂರು ನೆನಪಾಗುತ್ತದೆ. ನಗಬೇಡಿ. ಕುಡಿಯುವ ಮುಂಚೆ ನನಗೆ ಎಲ್ಲವೂ ನೆನಪಿರುತ್ತದೆ. ತೊಂದರೆ ಶುರುವಾಗುವುದು ಕುಡಿದ ಮೇಲೆ.

ಚಹಾ ಕುಡಿದರೆ ಬುದ್ಧಿ ಚುರುಕಾಗುತ್ತದೆ ಎನ್ನುವವರು ನಮ್ಮ ಅಣ್ಣನಂಥವರನ್ನಷ್ಟೇ ನೋಡಿರಬೇಕು. ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರ ಹೆಗಲ ಮೇಲೂ ಕೈ ಹಾಕಿ ಮಾತಾಡುವ ಮನುಷ್ಯ. ಒಂದು ಕಪ್ಪು ಹೊಟ್ಟೆಗೆ ಬಿದ್ದರೆ ಸಾಕು, ಯಾವ ಊರಿನ ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಎಲೆ ಬಿಟ್ಟು ಎದ್ದರು ಎಂಬುದನ್ನೆಲ್ಲ ಒಪ್ಪಿಸುತ್ತಾನೆ. ನಾನೋ, ನಾಲ್ಕು ಜನ ಕಂಡರೆ ಕಂಬದ ಹಿಂದೆ ನಿಲ್ಲುವವನು. ಎರಡು ಕಪ್ಪು ಬಿದ್ದರೆ ನನಗೆ ಎದೆ ಡವಡವ, ತಲೆ ಖಾಲಿ.

ಇಂಥ ನಾವಿಬ್ಬರೂ ಲಿಂಗಸೂಗೂರಿಗೆ ಹೆಣ್ಣು ನೋಡಲು ಹೊರಟೆವು. ಜವಳಗೇರಾದ ಒಂದು ಮದುವೆಯಲ್ಲಿ ಆಕೆಯನ್ನು ದೂರದಿಂದಷ್ಟೇ ಕಂಡಿದ್ದೆ; ಆದರೂ ಆಕೆಯೇ ಆಗಬೇಕು ಎಂದು ಮನಸ್ಸು ಹಟ ಹಿಡಿದಿತ್ತು. ದಾರಿಯಲ್ಲಿ ಮಸ್ಕಿ ಇದೆ, ಮಸ್ಕಿಯಲ್ಲಿ ಬಂಧುಗಳಿದ್ದಾರೆ. ನಮ್ಮ ಕಡೆ ಚಹಾ ಒಲ್ಲೆ ಎಂದರೆ ಸಂಬಂಧವೇ ಒಲ್ಲೆ ಎಂದಂತೆ. ಸೋದರತ್ತೆಯ ಮನೆಯಲ್ಲಿ ಒಂದು ಕಪ್ಪಾಯಿತು. "ಅವರ ಮನ್ಯಾಗ ಕುಡದ್ರಿ, ನಮ್ಮನಿ ಚಾ ಸೇರಂಗಿಲ್ಲೇನು?" ಎಂದು ಆಕೆಯ ನೆಗೆಣ್ಣಿ ಎಳೆದೊಯ್ದು ಇನ್ನೊಂದು ಕುಡಿಸಿದಳು. ಹೆಣ್ಣಿನ ಮನೆಯಲ್ಲಂತೂ ಕೇಳುವುದೇ ಬೇಡ.

"ಹೆಸರೇನ್ರೀ?" ಎಂದು ಎದುರು ಕೂತ ಹುಡುಗಿಯನ್ನು ಕೇಳಿದೆ. ಗೌರಿ ಎಂದಳು. ಸ್ವಲ್ಪ ಹೊತ್ತಿಗೆ ಅದು ತಲೆಯಿಂದ ಹಾರಿಹೋಯಿತು, ಮತ್ತೆ ಕೇಳಿದೆ. ಜಮಖಾನದ ಮೇಲೆ ಕೂತ ಹಿರಿಯರು ಮುಖ ಮುಖ ನೋಡಿಕೊಂಡರು. ನನ್ನನ್ನು ಕಾಪಾಡಲು ಅಣ್ಣ ಬಾಯಿ ತೆರೆದ.

"ಏ, ತಮ್ಮ ಹೆದರ್ಯಾನ್ರೀ. ಸಾಲಗುಂದದ ಹುಡುಗಿ ಮುಂದನೂ ಹಿಂಗ ಮಾಡಿದ್ದ. ಅದಕ್ಕೂ ಮದ್ಲು ರಾಯಚೂರಿನಾಕಿ ಒಲ್ಲೆ ಅಂದಿದ್ಲು…"

ಒಲ್ಲೆನೆಂದ ಕನ್ಯೆಗಳ ಹೆಸರು, ಅವರ ಅಪ್ಪಂದಿರ ಹೆಸರು, ಅವರು ಹೇಳಿದ ಕಾರಣ, ಪುಣ್ಯಾತ್ಮ ಒಂದನ್ನೂ ಬಿಡಲಿಲ್ಲ. ನನಗೆ ಅಳುವೇ ಬಂತು.

ಹುಡುಗಿಯ ಅಪ್ಪ ಒಳಗೆ ಹೋಗಿ ಮಗಳನ್ನು ಕೇಳಿದರು. ಬಾಗಿಲ ಮರೆಯಿಂದ ಅವಳ ದನಿ ನಮಗೂ ಕೇಳಿಸಿತು: "ನಂಗ ಈತನ ಇರ್ಲಿ ಬಿಡಪ್ಪಾ. ಎಲ್ಲಾ ನೆನಪಿಡಾಂವನ ಕೂಡ ಯಾವಾಕಿ ಬಾಳೇವು ಮಾಡ್ತಾಳ?"

ಪಾಪ, ಕರುಣೆಯಿಂದ ಒಪ್ಪಿದಳೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಇವತ್ತು ಬೆಳಗ್ಗೆ, ನಿನ್ನೆಯ ಜಗಳದಲ್ಲಿ ಹೇಳದೆ ಉಳಿದ ಒಂದು ಖಡಕ್ ಮಾತನ್ನು ಸಿದ್ಧ ಮಾಡಿಕೊಂಡು ಕೂತಿದ್ದೆ. ಗೌರಿ ಎರಡು ಕಪ್ಪು ಹಿಡಿದು ಬಂದಳು. ಎರಡೂ ನನಗೇ. ನಾನು ಬಾಯಿ ತೆರೆದೆ.

"ಮದ್ಲು ಚಾ ಕುಡೀರಿ," ಎಂದಳು. ಕುಡಿದೆ. "ಹಾಂ, ಏನೋ ಹೇಳಾಕತ್ತಿದ್ರಲ್ಲ?"

ಹೇಳಬೇಕಾದದ್ದು ನೆನಪಾಗಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಜಗಳವನ್ನೂ ನಾನೇಕೆ ಗೆದ್ದಿಲ್ಲ ಎಂಬುದು ಮಾತ್ರ ಹೊಳೆಯಿತು.