ಮೇಲಿಟ್ಟ ಅಂಗಳ

ಕೊನೆಯ ಮಹಡಿ ಬಂತೆಂದು ಲಿಫ್ಟು ಟಿಣ್ ಎಂದಿತು. ಅಲ್ಲಿಂದಾಚೆಗೆ ಮೆಟ್ಟಿಲೇ ಗತಿ. ಅಕ್ಕ ಕಂಬಿ ಹಿಡಿದು ಒಂದಿಷ್ಟು ಹತ್ತಿದಳು, ಮಂಡಿ ಮಾತು ಕೇಳದೆ ಅಲ್ಲೇ ಕುಳಿತಳು. ತೆರೆದಿದ್ದ ತಾರಸಿ ಬಾಗಿಲಿನಲ್ಲಿ ಆಕಾಶದ ಒಂದು ಚೂರು ಕಾಣುತ್ತಿತ್ತು.

"ಸಾಕು ಕಣೆ, ಇಲ್ಲಿಂದಲೇ ಕಂಡ್ತಲ್ಲ," ಎಂದಳು.

ತಂಗಿ ಪಕ್ಕದಲ್ಲಿ ನಿಂತಿದ್ದಳು. ನಿವೃತ್ತಳಾಗುವವರೆಗೆ ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಎಲ್ಲರೂ ಅವಳನ್ನು ಗೆರೆಯಮ್ಮ ಎನ್ನುತ್ತಿದ್ದರು; ಕೈ ಅಷ್ಟು ಸ್ಥಿರ. ಈ ಕಟ್ಟಡದ ನಕ್ಷೆಯೂ ಅವಳದೇ. ಇಷ್ಟು ಮನೆ ಕಟ್ಟಿದರೆ ಎಲ್ಲರೂ ಕೂರಲು, ಮಕ್ಕಳು ಆಡಲು ಇಷ್ಟು ಬಯಲು ಬಿಡಬೇಕೆಂದು ನಿಯಮ. ಮಾಲೀಕನಿಗೆ ನೆಲವೆಲ್ಲ ಕಾರಿಗೆ ಬೇಕಿತ್ತು. ಕಚೇರಿಯವರು ತಲೆ ಕೆರೆದುಕೊಳ್ಳುತ್ತಿದ್ದಾಗ ದಾರಿ ತೋರಿಸಿದವಳು ಅವಳೇ: ಅಂಗಳವನ್ನು ತಾರಸಿಗೆ ಹಾಕಿಬಿಡೋಣ. ಲಿಫ್ಟನ್ನು ಅಲ್ಲಿಯವರೆಗೆ ಒಯ್ದರೆ ಎತ್ತರ ಮಿತಿ ಮೀರುತ್ತಿತ್ತು; ಮೆಟ್ಟಿಲು ಸಾಕೆಂದುಕೊಂಡರು. ಆಗ ಅಲ್ಲಿದ್ದವರೆಲ್ಲ ಎರಡೆರಡು ಮೆಟ್ಟಿಲು ಹಾರುವ ವಯಸ್ಸಿನವರು. ನಗರಸಭೆಯ ಒಪ್ಪಿಗೆ ಬಂದ ದಿನ ಅವಳ ಬೆನ್ನು ತಟ್ಟಿದರು. ಆಮೇಲೆ ಅದೇ ರೂಢಿಯಾಯಿತು. ಎಷ್ಟೋ ಕಟ್ಟಡಗಳ ಅಂಗಳ ಅವಳ ಕೈಯಿಂದಲೇ ಮೇಲೆ ಹೋಯಿತು. ಕಟ್ಟಿದ್ದನ್ನು ಹೋಗಿ ನೋಡುವ ಪರಿಪಾಠ ಆ ಕಚೇರಿಯಲ್ಲಿರಲಿಲ್ಲ. ಮುಂದಿನ ಹಾಳೆ ಕಾಯುತ್ತಿರುತ್ತಿತ್ತು.

"ನನ್ನ ತಂಗಿ ಬರೆದ ಮನೆ" ಎಂದು ಅಕ್ಕ ಹಟ ಹಿಡಿದು ಇಲ್ಲೇ ಮನೆ ಕೊಂಡಳು. ಈಗ ಆಸ್ಪತ್ರೆಗೆ ಹೋಗುವ ದಿನ ಬಿಟ್ಟರೆ ಅವಳು ಹೊರಗೆ ಬರುವುದಿಲ್ಲ. ಕೆಳಗೆ ಕಾರುಗಳ ನಡುವೆ ಕುರ್ಚಿ ಹಾಕಿದರೆ ಹಾರ್ನ್ ಎಬ್ಬಿಸುತ್ತದೆ.

ಮೇಲೆ ಬಟ್ಟೆ ಒಣಹಾಕಿ, ಖಾಲಿ ಬಕೆಟ್ಟು ಹಿಡಿದು ನಿವಾಸಿಗಳ ಸಂಘದ ಕಾರ್ಯದರ್ಶಿ ಇಳಿದು ಬಂದರು.

"ಸಾರ್, ಗೇಟಿನ ಹತ್ರ ಒಂದೇ ಒಂದು ಕಾರಿನ ಜಾಗ ಬಿಡಿಸಿಕೊಡಿ," ಎಂದಳು ತಂಗಿ. "ಬೆಂಚು ಹಾಕಿದ್ರೆ ಅಕ್ಕ ನಾಲ್ಕು ಜನರ ಮುಖ ನೋಡ್ತಾಳೆ."

"ಕಾರು ಸರಿಸಿ ಅಂದ್ರೆ ನನ್ನನ್ನೇ ಸರಿಸಿಬಿಡ್ತಾರಮ್ಮ! ಕೂರೋ ಜಾಗ ಮೇಲಿದೆಯಲ್ಲ, ನಿಯಮದ ಪ್ರಕಾರವೇ. ನೀವೇ ಬರೆದಿದ್ದಂತೆ?" ಅವರ ದನಿಯಲ್ಲಿ ಕೊಂಕು ಇರಲಿಲ್ಲ, ಮೆಚ್ಚುಗೆಯೇ ಇತ್ತು. "ಬೇಕಾದ್ರೆ ಕುರ್ಚಿ ಸಮೇತ ನಾವೇ ಎತ್ಕೊಂಡು ಹೋಗ್ತೀವಿ ಬಿಡಿ."

"ಅಯ್ಯೋ ಬೇಡಪ್ಪ, ಕೊನೇಲಿ ಹೇಗೂ ಎತ್ತಲೇಬೇಕು. ಆಗ ಎತ್ತೀರಂತೆ," ಎಂದು ಅಕ್ಕ ನಕ್ಕಳು. ಅವರೂ ನಕ್ಕರು.

ತಂಗಿ ನಗಲಿಲ್ಲ. "ಆವತ್ತು ನಾನು ಬಾಯಿ ಮುಚ್ಕೊಂಡಿದ್ರೆ ಕೆಳಗೇ ಜಾಗ ಬಿಡ್ತಿದ್ರು, ಅಕ್ಕಾ."

"ಬಿಡೇ, ಸವೆದಿದ್ದು ನನ್ನ ಮಂಡಿ, ನಿನ್ನ ನಕ್ಷೆ ಏನು ಮಾಡುತ್ತೆ?" ಅಕ್ಕ ಅವಳ ಕೈ ಹಿಡಿದಳು. "ನಂಗೇನು ಕಡಿಮೆಯಾಗಿದೆ ಹೇಳು. ಸಾಯಂಕಾಲ ಎದುರು ಕಟ್ಟಡದ ಗೋಡೆ ಮೇಲೆ ಒಂದು ಗಳಿಗೆ ಬಿಸಿಲು ಬೀಳುತ್ತೆ. ಅಡುಗೆಮನೆ ಕಿಟಕೀಲಿ ಅದನ್ನೇ ನೋಡ್ತಾ..."

ಆ ಸಮಾಧಾನದ ಮಾತನ್ನು ಕೇಳಲಾರದೆ ತಂಗಿ ಕೈ ಬಿಡಿಸಿಕೊಂಡು ಮೆಟ್ಟಿಲಿಳಿಯತೊಡಗಿದಳು.

"ಎಲ್ಲಿಗೇ? ನಾನಿನ್ನೂ ಹೇಳ್ತಾ ಇದೀನಿ..." ಎಂದು ಅಕ್ಕ ಕೂಗುವಷ್ಟರಲ್ಲಿ ಅವಳು ಒಂದು ಮಹಡಿ ಕೆಳಗಿದ್ದಳು.